ಬೆನ್ನ ಮೇಲಿನ ಗಂಟು: ಪುಟ್ಟ ಮಕ್ಕಳ ಜೊತೆ ‘ಯಾತ್ರಿಕನ ಸಂಚಾರ’ ಓದುವುದು ಹೇಗೆ?

“ಅವನು ಆ ಗಂಟನ್ನ ಬಿಚ್ಚಿ ಕೆಳಗಿಟ್ಟು ಹೋಗಬಹುದಲ್ವಾ?”

ಜಾನ್ ಬನ್ಯನ್ ಬರೆದ ‘ಯಾತ್ರಿಕನ ಸಂಚಾರ’ದ ಮೊದಲ ಪುಟ ಓದಿದ ದಿನ ನನ್ನ ಮಗಳು ಕೇಳಿದ ಪ್ರಶ್ನೆ ಇದು. ಆಗ ಅವಳಿಗೆ ಆರು ವರ್ಷ. ಕ್ರೈಸ್ತ ಅನ್ನುವ ಹೆಸರಿನವನೊಬ್ಬ ತನ್ನ ಊರು ನಾಶಪುರ ಬಿಟ್ಟು ಪರಲೋಕದ ಪಟ್ಟಣಕ್ಕೆ ನಡೆಯುವ ಕಥೆ ಅದು. ಹರಕು ಬಟ್ಟೆಯ ಒಬ್ಬ ಮನುಷ್ಯ, ಕೈಯಲ್ಲಿ ಪುಸ್ತಕ, ಬೆನ್ನ ಮೇಲೆ ದೊಡ್ಡ ಹೊರೆ. ತನ್ನ ಮನೆಗೇ ಬೆನ್ನು ಮಾಡಿ ನಿಂತು ‘ನಾನೇನು ಮಾಡಲಿ?’ ಅಂತ ಅಳುತ್ತಿದ್ದಾನೆ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಗಂಟು ಅಂದ್ರೆ ಪಾಪ ಮಗಳೇ, ಅದನ್ನ ನಾವೇ ಇಳಿಸಿಕೊಳ್ಳೋಕೆ ಆಗಲ್ಲ... ಯಾಕೋ ಅವತ್ತು ಬಾಯಿ ಬಿಗಿಹಿಡಿದೆ. “ಮುಂದೆ ನೋಡೋಣ” ಅಂದೆ, ಅಷ್ಟೇ.

ಮೂರು ವಾರ ಆದ ಮೇಲೆ ಶಿಲುಬೆಯ ದೃಶ್ಯಕ್ಕೆ ಬಂದೆವು. ಶಿಲುಬೆಯ ಹತ್ತಿರ ಬರುತ್ತಿದ್ದಂತೆ ಹೊರೆ ಹೆಗಲಿಂದ ಸಡಿಲವಾಗಿ, ಬೆನ್ನಿಂದ ಜಾರಿ, ಉರುಳುರುಳುತ್ತಾ ಹೋಗಿ ಕೆಳಗಿದ್ದ ಸಮಾಧಿಯ ಬಾಯೊಳಗೆ ಬೀಳುತ್ತದೆ. ಮಲಗಿದ್ದವಳು ಎದ್ದು ಕೂತಳು. “ಅಮ್ಮಾ, ಅವನು ಬಿಚ್ಚಲೇ ಇಲ್ಲ! ಅದೇ ಬಿದ್ದುಹೋಯ್ತು!”

ಮೊದಲ ದಿನವೇ ನಾನು ಅರ್ಥ ಹೇಳಿಬಿಟ್ಟಿದ್ದರೆ ಈ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಅದಾದ ಮೇಲೆ ನನ್ನ ಇಬ್ಬರು ಮಕ್ಕಳ ಜೊತೆಗೂ, ಸಂಡೇ ಸ್ಕೂಲಿನ ಚಿಕ್ಕವರ ಗುಂಪಿನ ಜೊತೆಗೂ ಈ ಪುಸ್ತಕವನ್ನು ಹಲವು ಸಲ ಓದಿದ್ದೇನೆ. ನಾವು ಕಡಿಮೆ ವಿವರಿಸಬೇಕು, ಮಕ್ಕಳು ಜಾಸ್ತಿ ಹೇಳಬೇಕು. ನಾನು ಕಲಿತದ್ದು ಇದನ್ನೇ. ಕೆಳಗೆ ಬರೆದಿರುವುದೆಲ್ಲ ಅದನ್ನು ಮಾಡುವ ದಾರಿ.

ಮೊದಲು ನೀವು ಓದಿ, ಪೆನ್ಸಿಲ್ ಹಿಡಿದು

ಮಕ್ಕಳ ಮುಂದೆ ತೆರೆಯುವ ಮೊದಲು ಇಡೀ ಪುಸ್ತಕವನ್ನು ಒಮ್ಮೆ ನೀವೇ ಓದಿ ಮುಗಿಸಿ. ಮೊದಲ ಭಾಗ 1678ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಕ್ರೈಸ್ತನ ಹೆಂಡತಿ ಮಕ್ಕಳ ಪ್ರಯಾಣ ಹೇಳುವ ಎರಡನೇ ಭಾಗ ಬಂದದ್ದು 1684ರಲ್ಲಿ. ಕನ್ನಡಕ್ಕೂ ಇದು 19ನೇ ಶತಮಾನದಲ್ಲೇ ಬಂದಿದೆ. ಇಷ್ಟು ಹಳೆಯ ಪುಸ್ತಕದಲ್ಲಿ ಮಕ್ಕಳಿಗೆ ಹಿಡಿಸದ ಪುಟಗಳು ಇದ್ದೇ ಇರುತ್ತವೆ. ಅವನ್ನು ಬಿಡಲು ಹಿಂಜರಿಯಬೇಡಿ.

ನಾನು ಬಿಡುವುದು ಮುಖ್ಯವಾಗಿ ದಾರಿಯಲ್ಲಿ ನಡೆಯುವ ಉದ್ದುದ್ದದ ಚರ್ಚೆಗಳನ್ನು. ವಾಚಾಳಿಯ ಜೊತೆಗಿನ ವಾದ, ಲಾಭಕ್ಕಾಗಿ ಭಕ್ತಿ ಮಾಡುವವರ ಜೊತೆಗಿನ ಮಾತುಕತೆ, ಇವೆಲ್ಲ ಹತ್ತು ಹನ್ನೆರಡು ವರ್ಷ ಆದ ಮೇಲೆ ಓದಲಿ. ಕಬ್ಬಿಣದ ಪಂಜರದಲ್ಲಿ ಕೂತು ತನಗಿನ್ನು ಕ್ಷಮೆಯೇ ಇಲ್ಲ ಅನ್ನುವ ಮನುಷ್ಯನನ್ನೂ ಚಿಕ್ಕವರಿಗೆ ತೋರಿಸುವುದಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ಅಜ್ಞಾನಿ ಅನ್ನುವವನಿಗೆ ಆಗುವ ಗತಿಯನ್ನೂ ಏಳು ವರ್ಷದ ಒಳಗಿನವರಿಗೆ ಓದುವುದಿಲ್ಲ. ಕ್ರೈಸ್ತನ ಜೊತೆಗಾರ ನಂಬಿಗಸ್ತನನ್ನು ಸಂತೆಯಲ್ಲಿ ಕೊಲ್ಲುವ ಭಾಗವನ್ನು ಮಾತ್ರ ಪೂರ್ತಿ ಬಿಡಬೇಡಿ. ಅವನನ್ನು ಕೊಂದರು ಅಂತ ಒಂದೇ ವಾಕ್ಯದಲ್ಲಿ ಹೇಳಿ, ಅವನನ್ನು ಪರಲೋಕಕ್ಕೆ ಒಯ್ಯಲು ಕಾದಿದ್ದ ರಥದ ಕಡೆಗೆ ಹೋಗಿಬಿಡಿ. ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಆ ರಥವೇ.

ಬನ್ಯನ್ ಬಗ್ಗೆಯೂ ಎರಡು ಮಾತು ಹೇಳಿ. ಅವನು ದೊಡ್ಡ ಪಂಡಿತನೇನಲ್ಲ, ತೂತುಬಿದ್ದ ಪಾತ್ರೆ ಸರಿಮಾಡುತ್ತಿದ್ದವನು. ಅನುಮತಿ ಇಲ್ಲದೆ ದೇವರ ವಾಕ್ಯ ಸಾರಿದ್ದಕ್ಕೆ 1660ರಲ್ಲಿ ಹಿಡಿದು ಬೆಡ್‌ಫರ್ಡ್ ಊರಿನ ಜೈಲಿಗೆ ಹಾಕಿದರು. ಇನ್ನು ಸಾರುವುದಿಲ್ಲ ಅಂತ ಒಂದು ಮಾತು ಕೊಟ್ಟಿದ್ದರೆ ಬಿಡುಗಡೆ ಆಗುತ್ತಿತ್ತು. ಕೊಡಲಿಲ್ಲ. ಹನ್ನೆರಡು ವರ್ಷ ಒಳಗಿದ್ದ. ಮನೆಯಲ್ಲಿ ಕಣ್ಣು ಕಾಣದ ಮಗಳಿದ್ದಳು. ಸಂಸಾರಕ್ಕಾಗಿ ಜೈಲಿನಲ್ಲೇ ಕೂತು ದಾರದ ಲೇಸುಗಳನ್ನು ಮಾಡಿ ಮಾರಿಸುತ್ತಿದ್ದ. ಕಥೆಯಲ್ಲಿ ಕ್ರೈಸ್ತ ಸೆರೆಯಾಗುವ ಸಂಶಯದ ಕೋಟೆಗೆ ಬಂದಾಗ ಇದನ್ನು ಕೇಳಿದ ಮಕ್ಕಳು ಪುಸ್ತಕವನ್ನು ಬೇರೆ ಥರ ನೋಡುತ್ತಾರೆ. “ಅದಕ್ಕೇ ಅವನಿಗೆ ಕತ್ತಲೆ ಕೋಣೆ ಹೇಗಿರುತ್ತೆ ಅಂತ ಗೊತ್ತು” ಅಂದ ಒಬ್ಬ ಹುಡುಗ.

ಯಾವ ಪ್ರತಿ ತೆಗೆದುಕೊಳ್ಳುವುದು?

ಮಕ್ಕಳಿಗಾಗಿ ಚಿಕ್ಕದು ಮಾಡಿದ ಪುಸ್ತಕಗಳು ಬೇಕಾದಷ್ಟಿವೆ. ಆರಿಸಲು ನಾನೊಂದು ಸುಲಭದ ಪರೀಕ್ಷೆ ಇಟ್ಟುಕೊಂಡಿದ್ದೇನೆ. ನಿರಾಶೆಯ ಹುದುಲಿನ ಪುಟ ತೆಗೆಯಿರಿ. ಕೆಸರು, ಮುಳುಗುವುದು, ದಡಕ್ಕಾಗಿ ಒದ್ದಾಡುವುದು ಕಣ್ಣಿಗೆ ಕಟ್ಟುತ್ತದೆಯೇ? ಅಥವಾ ‘ಹೀಗೆ ನಾವು ಸಹ ಕಷ್ಟದಲ್ಲಿ ನಿರಾಶರಾಗಬಾರದು ಮಕ್ಕಳೇ’ ಅಂತ ಆ ಪುಟದಲ್ಲೇ ಬುದ್ಧಿಮಾತು ಶುರುವಾಗುತ್ತದೆಯೇ? ಎರಡನೆಯದಾದರೆ ಅದನ್ನು ಅಲ್ಲೇ ಇಡಿ. ಚಿತ್ರ ಕಡಿಮೆ ಇದ್ದರೂ ಪರವಾಗಿಲ್ಲ, ಮೂಲದ ಮಾತು ಉಳಿಸಿಕೊಂಡ ಪ್ರತಿಯೇ ಒಳ್ಳೆಯದು. ನಿಮಗೆ ಕೈ ನುರಿತಿದ್ದರೆ ಪೂರ್ತಿ ಪುಸ್ತಕವನ್ನೇ ಹಿಡಿದು ಗುರುತು ಹಾಕಿದಲ್ಲಿ ಹಾರಿಸುತ್ತಾ ಓದಿ.

ಹೆಸರುಗಳ ವಿಷಯ ಸ್ವಲ್ಪ ಯೋಚಿಸಬೇಕು. ಈ ಕಥೆಯಲ್ಲಿ ಹೆಸರೇ ಗುಣ. ಮಗುವಿಗೆ ಹೆಸರು ಕೇಳಿದ ಕೂಡಲೇ ಆಳು ಎಂಥವನು ಅಂತ ಗೊತ್ತಾಗಬೇಕು. ಹಾಗಾಗಿ ಇಂಗ್ಲಿಷ್ ಹೆಸರು ಬೇಡ. ನಮ್ಮಲ್ಲಿ ಹಟ ಹಿಡಿದು ವಾಪಸ್ ಹೋಗುವವನು ‘ಹಟಮಾರಿ’. ಎಲ್ಲದಕ್ಕೂ ತಲೆ ಆಡಿಸಿ ಹಿಂದೆ ಬರುವವನು ‘ಹೂಂಗುಟ್ಟುವವ’. ಸೆರೆಗೆ ಹಾಕುವ ರಾಕ್ಷಸ ‘ಹತಾಶೆ’. ನಿಮ್ಮ ಪುಸ್ತಕದಲ್ಲಿ ಬೇರೆ ಇರಬಹುದು. ಗಟ್ಟಿಯಾಗಿ ಕೂಗಿ ನೋಡಿ, ನಾಲಿಗೆಗೆ ಹಿತವಾದದ್ದನ್ನು ಇಟ್ಟುಕೊಳ್ಳಿ. ಆದರೆ ಒಮ್ಮೆ ಇಟ್ಟ ಹೆಸರನ್ನು ನಡುವೆ ಬದಲಿಸಬೇಡಿ.

ಒಂದು ದಿನದ ಓದು

ವಾರಕ್ಕೆ ಎರಡು ಮೂರು ದಿನ, ಹತ್ತು ಹನ್ನೆರಡು ನಿಮಿಷ, ಒಂದು ಸಲಕ್ಕೆ ಒಂದೇ ದೃಶ್ಯ. ಈ ಲೆಕ್ಕದಲ್ಲಿ ಮೊದಲ ಭಾಗ ನನಗೆ ಇಪ್ಪತ್ತೆರಡು ಸಲದಲ್ಲಿ ಮುಗಿಯುತ್ತದೆ. ಮಗು ಇನ್ನೊಂದು ಪುಟ ಅಂತ ಕಾಡಿದರೂ ನಿಲ್ಲಿಸಿ. ಆ ಹಸಿವು ಮುಂದಿನ ಸಲಕ್ಕೆ ಬೇಕು.

ಶುರು ಮಾಡುವಾಗ ಪುಸ್ತಕ ಮುಚ್ಚಿಯೇ ಇರಲಿ. “ಹೋದ ಸಲ ಎಲ್ಲಿಗೆ ಬಂದಿದ್ದೆವು?” ಅಂತ ಕೇಳಿ. ಎರಡು ಮೂರು ವಾಕ್ಯ ಬಂದರೆ ಸಾಕು. ಇವತ್ತು ಹೊಸ ಹೆಸರು ಬರುವುದಿದ್ದರೆ ಒಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದು ಮುಂದಿಡಿ. ಆಮೇಲೆ ಓದಿ. ನಡುವೆ ನಿಲ್ಲಿಸಿ ‘ಗೊತ್ತಾಯ್ತಾ?’ ಅನ್ನಬೇಡಿ. ಕಠಿಣ ಪದ ಬಂದರೆ ಅದೇ ಉಸಿರಿನಲ್ಲಿ ಸುಲಭದ ಪದ ಸೇರಿಸಿ ಮುಂದೆ ಹೋಗಿ. ದೃಶ್ಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ, “ಈಗ ನೀನು ನನಗೆ ಹೇಳು” ಅನ್ನಿ.

ಓದಿದ್ದನ್ನು ಮಗು ತನ್ನ ಮಾತಿನಲ್ಲೇ ತಿರುಗಿ ಹೇಳುವ ಈ ಪದ್ಧತಿಯನ್ನು ಇಂಗ್ಲೆಂಡಿನ ಶಿಕ್ಷಕಿ ಶಾರ್ಲೆಟ್ ಮೇಸನ್ (1842–1923) ತಮ್ಮ ಶಾಲೆಗಳ ಜೀವಾಳ ಮಾಡಿಕೊಂಡಿದ್ದರು. ಒಂದೇ ಸಲ ಓದುವುದು, ನಡುವೆ ಬಾಯಿ ಹಾಕದೆ ಕೇಳುವುದು ಅವರ ನಿಯಮ. ಆರು ವರ್ಷದ ಒಳಗಿನವರನ್ನು ಹೇಳು ಅಂತ ಒತ್ತಾಯಿಸಬಾರದು ಅಂತಲೂ ಅವರೇ ಹೇಳಿದ್ದಾರೆ. ಇದು ನನ್ನ ಅನುಭವಕ್ಕೂ ಸರಿಯಾಗಿ ಹೊಂದುತ್ತದೆ. ನಾಲ್ಕು ಐದರ ಮಕ್ಕಳು ಸುಮ್ನೆ ಕೇಳಲಿ. ಅವರು ಹೇಳುವುದು ಆಟದಲ್ಲಿ ಬರುತ್ತದೆ.

ಮಗು ಹೇಳುವಾಗ ನಮ್ಮ ಕೆಲಸ ಒಂದೇ, ಬಾಯಿ ಮುಚ್ಚಿ ಕೂರುವುದು. ಅದು ಕಷ್ಟ! ಹೇಳಿದ್ದರಲ್ಲಿ ಅರ್ಧ ಬಿಟ್ಟುಹೋಗಿರುತ್ತದೆ, ಕ್ರಮ ತಪ್ಪಿರುತ್ತದೆ. ಆದರೆ ಕ್ರೈಸ್ತನೂ ಹೂಂಗುಟ್ಟುವವನೂ ಚಿಕ್ಕ ಬಾಗಿಲಿನ ಕಡೆ ಹೊರಟು ಹುದುಲಿಗೆ ಬೀಳುವ ದೃಶ್ಯವನ್ನು ನನ್ನ ಮಗ ಹೇಳಿದ ರೀತಿ ನೋಡಿ. ಆಗ ಅವನಿಗೆ ಏಳು.

“ಇಬ್ಬರೂ ಕೆಸರಿಗೆ ಬಿದ್ರು. ಹೂಂಗುಟ್ಟುವವನಿಗೆ ಸಿಟ್ಟು ಬಂತು. ನೀನು ಹೇಳಿದ ಒಳ್ಳೆ ಜಾಗ ಇದೇನಾ ಅಂತ ಕೇಳಿದ. ಅವನು ಅವನ ಮನೆ ಇರೋ ಕಡೆ ಹತ್ತಿದ. ಕ್ರೈಸ್ತ ಆ ಕಡೆ ಹತ್ತಲಿಲ್ಲ. ಬಾಗಿಲು ಇರೋ ಕಡೆನೇ ಹೋಗ್ತಾ ಇದ್ದ, ಗಂಟು ಇತ್ತಲ್ಲ, ಮೇಲೆ ಬರೋಕೆ ಆಗಲಿಲ್ಲ. ಆಮೇಲೆ ‘ಸಹಾಯ’ ಅನ್ನೋನು ಬಂದು ಕೈ ಹಿಡಿದು ಎತ್ತಿದ. ಮೆಟ್ಟಿಲು ಇತ್ತಂತೆ, ಇವನು ನೋಡೇ ಇರಲಿಲ್ಲ.”

ಅಷ್ಟೇ. ಇಬ್ಬರೂ ಒಂದೇ ಕೆಸರಿಗೆ ಬಿದ್ದರು, ಆದರೆ ಹತ್ತಲು ನೋಡಿದ ದಡ ಬೇರೆ. ಕಥೆಯ ತಿರುಳು ಇದೇ ಅಲ್ವಾ? ಯಾರೂ ಹೇಳಿಕೊಡದೆ ಅವನು ಅದನ್ನು ಹಿಡಿದಿದ್ದ. ನಾನು ಅವತ್ತು ಏನನ್ನೂ ಸೇರಿಸಲಿಲ್ಲ.

ತಪ್ಪು ಇದ್ದರೆ? ಸಣ್ಣದಾದರೆ ಬಿಟ್ಟುಬಿಡಿ. ದೊಡ್ಡದಾದರೆ ಮುಂದಿನ ಸಲ ಶುರುವಿನಲ್ಲಿ ಆ ಎರಡು ಸಾಲು ಮತ್ತೆ ಓದಿ. “ತಪ್ಪು ಹೇಳಿದೆ” ಅಂದರೆ ಮರುದಿನದಿಂದ ಬಾಯಿ ಬಿಡುವುದಿಲ್ಲ. ಗುಂಪಿನಲ್ಲಾದರೆ ಒಬ್ಬರು ಶುರು ಮಾಡಲಿ, ನೀವು ಕೈ ತೋರಿಸಿದಾಗ ಪಕ್ಕದವರು ಮುಂದುವರಿಸಲಿ. ಮಾತೇ ಆಡದ ಮಗುವಿಗೆ ಕೊನೆಯ ಸರದಿ ಕೊಡಿ. ಅಷ್ಟರಲ್ಲಿ ಎಲ್ಲರದ್ದೂ ಕೇಳಿ ಧೈರ್ಯ ಬಂದಿರುತ್ತದೆ.

ಗಂಟು, ನಕ್ಷೆ, ಪೊರಕೆ

ಓದು ಕಿವಿಯಲ್ಲೇ ನಿಲ್ಲಬಾರದು. ನಾನು ಪ್ರತಿ ಸಲವೂ ಮಾಡುವುದು ಮೂರು ಕೆಲಸ.

ಮೊದಲನೆಯದು ಗಂಟು. ದಿಂಬಿನ ಚೀಲಕ್ಕೆ ಹಳೇ ಬಟ್ಟೆ ತುಂಬಿ, ಬಾಯಿ ಕಟ್ಟಿ, ಎರಡು ಪಟ್ಟಿ ಹೊಲಿದು ಬೆನ್ನಿಗೆ ಹಾಕಿ. ಭಾರ ಬೇಡ, ದಪ್ಪ ಇದ್ದರೆ ಸಾಕು. ಕಥೆ ಕೇಳುವಾಗ, ತಿರುಗಿ ಹೇಳುವಾಗ ಮಗು ಇದನ್ನು ಹಾಕಿಕೊಂಡೇ ಇರಬೇಕು. ಒರಗಲು ಆಗುವುದಿಲ್ಲ, ಇಕ್ಕಟ್ಟಾದ ಬಾಗಿಲಲ್ಲಿ ನುಸುಳುವ ಆಟ ಆಡಿದರೆ ಸಿಕ್ಕಿಕೊಳ್ಳುತ್ತದೆ, ಮಕ್ಕಳು ಗೊಣಗುತ್ತಾರೆ. ಗೊಣಗಲಿ. ಶಿಲುಬೆಯ ದೃಶ್ಯದ ದಿನ, ಓದುತ್ತಿರುವಾಗಲೇ, ಹಿಂದಿನಿಂದ ನೀವು ಪಟ್ಟಿಯ ಗಂಟು ಬಿಚ್ಚಿ. ಅವರ ಕೈಯಿಂದ ಬಿಚ್ಚಿಸಬೇಡಿ. ಆ ಕ್ಷಣ ಬೆನ್ನು ಹಗುರವಾದಾಗ ಮಗುವಿನ ಮುಖ ನೋಡಬೇಕು ನೀವು. ಪುಸ್ತಕದಲ್ಲಿ ಕ್ರೈಸ್ತ ಖುಷಿಗೆ ಮೂರು ಸಲ ಕುಣಿದು ಹಾರುತ್ತಾನೆ. ನಮ್ಮ ಗುಂಪಿನ ಮಕ್ಕಳಿಗೆ ಮೂರು ಸಾಕಾಗಲಿಲ್ಲ.

ಒಮ್ಮೆ ಬಿದ್ದ ಗಂಟನ್ನು ಮತ್ತೆ ಆಟಕ್ಕೆ ತರಬೇಡಿ, ಕಣ್ಣಿಗೂ ಬೀಳದ ಕಡೆ ಇಡಿ. ಹೊರೆ ಆ ಸಮಾಧಿಯೊಳಗೆ ಬಿದ್ದ ಮೇಲೆ ಮತ್ತೆ ಕಾಣಲೇ ಇಲ್ಲ ಅಂತ ಬನ್ಯನ್ ಬರೆದಿದ್ದಾನೆ. ಮಕ್ಕಳು ಅದನ್ನು ಗಮನಿಸುತ್ತಾರೆ.

ಎರಡನೆಯದು ನಕ್ಷೆ. ಉದ್ದನೆಯ ಕಾಗದದ ಪಟ್ಟಿ, ಎಡತುದಿಯಲ್ಲಿ ನಾಶಪುರ, ಬಲತುದಿಯಲ್ಲಿ ಪರಲೋಕದ ಪಟ್ಟಣ. ನಡುವೆ ಖಾಲಿ. ಪ್ರತಿ ಓದಿನ ಮೇಲೆ ಮಗು ತಾನೇ ಒಂದು ಜಾಗ ಬರೆಯಲಿ: ಹುದುಲು, ಚಿಕ್ಕ ಬಾಗಿಲು, ಕಷ್ಟದ ಗುಡ್ಡ, ದಾರಿಯಲ್ಲಿ ಮಲಗಿದ ಸಿಂಹಗಳು. ಕಷ್ಟದ ಗುಡ್ಡದಲ್ಲಿ ಕ್ರೈಸ್ತ ನಿದ್ದೆಹೋಗಿ ಪಟ್ಟಣದ ಬಾಗಿಲಲ್ಲಿ ತೋರಿಸಬೇಕಾದ ತನ್ನ ಸುರುಳಿ ಕಳೆದುಕೊಂಡು ಅದೇ ದಾರಿಯಲ್ಲಿ ವಾಪಸ್ ಹೋಗುತ್ತಾನಲ್ಲ, ಆಗ ಬೆರಳಿಂದ ನಕ್ಷೆಯ ಮೇಲೆ ಹಿಂದಕ್ಕೆ ನಡೆಸಿ. ಒಮ್ಮೆ ನಡೆಯಬೇಕಾದ ದಾರಿಯನ್ನು ಮೂರು ಸಲ ನಡೆಯಬೇಕಾಯಿತು ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಎಷ್ಟೋ ದಿನ ಬಿಟ್ಟು ಕಥೆ ಕೇಳಿದರೂ ಈ ನಕ್ಷೆ ನೋಡಿಕೊಂಡು ಮಕ್ಕಳು ಮೊದಲಿಂದ ಕೊನೆವರೆಗೆ ಹೇಳಿಬಿಡುತ್ತಾರೆ.

ಮೂರನೆಯದು ಪೊರಕೆ. ಕ್ರೈಸ್ತ ದಾರಿಯಲ್ಲಿ ತಂಗುವ ‘ಅರ್ಥ ಹೇಳುವವ’ನ ಮನೆಯಲ್ಲಿ ಧೂಳು ತುಂಬಿದ ಒಂದು ಕೋಣೆ ಇದೆ. ಒಬ್ಬ ಗುಡಿಸುತ್ತಾನೆ, ಧೂಳೆದ್ದು ಕ್ರೈಸ್ತನಿಗೆ ಉಸಿರು ಕಟ್ಟುತ್ತದೆ. ಆಮೇಲೆ ಒಬ್ಬ ಹುಡುಗಿ ನೀರು ಚಿಮುಕಿಸುತ್ತಾಳೆ, ಕೋಣೆ ಸುಲಭವಾಗಿ ಶುಚಿಯಾಗುತ್ತದೆ. ಇದನ್ನು ಓದುವ ಮೊದಲೇ ಮಾಡಿ ತೋರಿಸಿ. ಧೂಳಿರುವ ಜಾಗ ಹುಡುಕಿ, ಒಣ ಪೊರಕೆ ಕೊಟ್ಟು ಗುಡಿಸಲು ಹೇಳಿ. ಸೀನುತ್ತಾರೆ, ನಗುತ್ತಾರೆ. ಆಮೇಲೆ ನೀರು ಚಿಮುಕಿಸಿ ಗುಡಿಸಲಿ. ಅದಾದ ಮೇಲೆ ಪುಟ ತೆರೆಯಿರಿ. ಧೂಳು ಮನುಷ್ಯನ ಹೃದಯದಲ್ಲಿರುವ ಪಾಪ, ಗುಡಿಸುವವನು ಧರ್ಮಶಾಸ್ತ್ರ (ದೇವರ ನಿಯಮ), ನೀರು ತಂದವಳು ಸುವಾರ್ತೆ (ಕ್ರಿಸ್ತನ ಶುಭಸಂದೇಶ) ಅಂತ ಪುಸ್ತಕವೇ ಇಲ್ಲಿ ಬಿಡಿಸಿ ಹೇಳುತ್ತದೆ. ಅದನ್ನು ಓದಿ, ನಿಲ್ಲಿಸಿ. ಬರೀ ನಿಯಮ ಹೇಳಿದರೆ ಒಳಗಿನ ಕೊಳೆ ಎದ್ದು ಕಾಣುತ್ತದೆ, ಹೋಗುವುದಿಲ್ಲ. ಇದು ದೊಡ್ಡವರಿಗೂ ಕಷ್ಟದ ವಿಷಯ, ಆದರೆ ಈಗಷ್ಟೇ ಸೀನಿದ ಮಗುವಿಗೆ ಕಷ್ಟವಲ್ಲ.

ಅರ್ಥದ ಮಾತು ಯಾವಾಗ?

ಮಗು ಕೇಳಿದಾಗ, ಕೇಳಿದಷ್ಟಕ್ಕೇ. ಕೇಳದಿದ್ದರೆ ಒಂದೇ ಒಂದು ತೆರೆದ ಪ್ರಶ್ನೆ ಇಡಬಹುದು. “ಸಿಂಹಗಳನ್ನ ಸರಪಳಿಯಿಂದ ಕಟ್ಟಿದ್ದರು, ಆದರೆ ಅವನಿಗೆ ಸರಪಳಿ ಕಾಣಲಿಲ್ಲ. ಕಂಡಿದ್ದರೆ ಏನಾಗ್ತಿತ್ತು?” ಇಂಥದ್ದು. ‘ಇದರಿಂದ ನಾವೇನು ಕಲಿತೆವು?’ ಅನ್ನುವ ಪ್ರಶ್ನೆ ಬೇಡವೇ ಬೇಡ. ಮಕ್ಕಳು ನಮಗೆ ಬೇಕಾದ ಉತ್ತರ ಯಾವುದು ಅಂತ ಹುಡುಕಲು ಶುರು ಮಾಡುತ್ತಾರೆ. ಕಥೆ ಅಲ್ಲಿಗೆ ಸತ್ತುಹೋಗುತ್ತದೆ.

ಸತ್ಯವೇದವನ್ನು (ಬೈಬಲ್) ಜೊತೆಗಿಡಿ, ಆದರೆ ದೃಶ್ಯದ ನಂತರ. ಮರಣದ ನೆರಳಿನ ಕಣಿವೆಯ ಕತ್ತಲಲ್ಲಿ ಕ್ರೈಸ್ತನಿಗೆ ಮುಂದೆ ಯಾರೋ 23ನೇ ಕೀರ್ತನೆಯ ಮಾತು ಹೇಳುತ್ತಾ ಹೋಗುವುದು ಕೇಳಿಸುತ್ತದೆ. ತಾನೊಬ್ಬನೇ ಅಲ್ಲ ಅಂತ ಅವನಿಗೆ ಧೈರ್ಯ ಬರುತ್ತದೆ. ಅವತ್ತು ರಾತ್ರಿ ಆ ಕೀರ್ತನೆ ಓದಿ. ಬಾಯಿಪಾಠವಾಗಿ ಗೊತ್ತಿದ್ದ ಮಗುವಿಗೂ ಅದು ಹೊಸದಾಗಿ ಕೇಳುತ್ತದೆ. ಕವಚ ತೊಡಿಸುವ ದೃಶ್ಯಕ್ಕೆ ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯ, ಚಿಕ್ಕ ಬಾಗಿಲಿಗೆ ಮತ್ತಾಯ 7. ಕವಚದಲ್ಲಿ ಬೆನ್ನಿಗೆ ರಕ್ಷಣೆ ಇಲ್ಲ ಅನ್ನುವುದನ್ನು ಮಕ್ಕಳೇ ಕಂಡುಹಿಡಿಯಲಿ. ಅಪೊಲ್ಯೋನ್ ಅನ್ನುವ ದೆವ್ವ ಎದುರು ಬಂದಾಗ ಕ್ರೈಸ್ತ ಯಾಕೆ ಓಡಲಿಲ್ಲ ಅಂತ ಕೇಳಿದರೆ ಸಾಕು, ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ.

ನಾನು ಮಾಡಿದ ಒಂದು ತಪ್ಪು ಇಲ್ಲಿ ಹೇಳಬೇಕು. ಒಂದು ದಿನ ಮಗ ಏನೋ ರಂಪ ಮಾಡುತ್ತಿದ್ದ. “ನೋಡು, ನೀನು ಥೇಟ್ ಹಟಮಾರಿನೇ” ಅಂದುಬಿಟ್ಟೆ. ಒಂದು ವಾರ ಅವನು ಆ ಪುಸ್ತಕ ಮುಟ್ಟಲಿಲ್ಲ. ಕಥೆಯಲ್ಲಿ ಅವನು ಕ್ರೈಸ್ತನ ಜೊತೆ ನಡೆಯುತ್ತಿದ್ದ, ನಾನು ಅವನನ್ನು ನಾಶಪುರಕ್ಕೆ ಅಟ್ಟಿದ್ದೆ. ಪುಸ್ತಕದ ಹೆಸರುಗಳನ್ನು ಬೈಯಲು ಯಾವತ್ತೂ ಬಳಸಬೇಡಿ. ತಮ್ಮನ್ನು ತಾವೇ ಅವರು ಗುರುತಿಸಿಕೊಂಡರೆ ಅದು ಬೇರೆ ಮಾತು.

ಹೆದರುವ ಮಗುವಿಗೆ

ಅಪೊಲ್ಯೋನ್, ಕಣಿವೆ, ರಾಕ್ಷಸ ಈ ಮೂರನ್ನು ಹಗಲಲ್ಲೇ ಓದಿ. ಕತ್ತಲೆಯ ನಡುವೆ ಮಾತ್ರ ನಿಲ್ಲಿಸಬೇಡಿ. ಸಂಶಯದ ಕೋಟೆಯ ಕಥೆ ಉದ್ದ. ಬುಧವಾರ ಬೆಳಿಗ್ಗೆಯಿಂದ ಶನಿವಾರ ರಾತ್ರಿವರೆಗೆ ಅನ್ನ ನೀರಿಲ್ಲದೆ ಕ್ರೈಸ್ತನೂ ಜೊತೆಗಾರ ನಿರೀಕ್ಷೆಯೂ ಆ ರಾಕ್ಷಸನ ಕತ್ತಲೆ ಕೋಣೆಯಲ್ಲಿರುತ್ತಾರೆ. ಆವತ್ತು ಇಪ್ಪತ್ತು ನಿಮಿಷ ಹಿಡಿದರೂ ಸರಿ, ವಾಗ್ದಾನ ಅನ್ನುವ ಕೀಲಿಕೈ ತನ್ನ ಎದೆಯ ಹತ್ತಿರವೇ ಇತ್ತು ಅಂತ ಕ್ರೈಸ್ತನಿಗೆ ನೆನಪಾಗಿ ಬೀಗ ತೆರೆಯುವವರೆಗೆ ಓದಿ. ರಾಕ್ಷಸ ಹೊಡೆಯುವುದನ್ನು, ಪ್ರಾಣ ಕಳೆದುಕೊಳ್ಳಿ ಅಂತ ಪ್ರೇರೇಪಿಸುವುದನ್ನು ಚಿಕ್ಕವರಿಗೆ ನಾನು ಓದುವುದಿಲ್ಲ. ಕೋಣೆ ಕತ್ತಲೆ, ಅವರಿಗೆ ದಿಕ್ಕು ತೋಚಲಿಲ್ಲ ಅನ್ನುವುದು ಸಾಕು.

ಆಟದಲ್ಲಿ ಒಂದು ಹಳೇ ಕೀಲಿಕೈಗೆ ದಾರ ಕಟ್ಟಿ ಮಗುವಿನ ಅಂಗಿಯೊಳಗೆ ಹಾಕಿಡಿ. ಓದು ಮುಗಿಯುವವರೆಗೆ ಅದರ ಸುದ್ದಿ ಎತ್ತಬೇಡಿ. ಕೀಲಿಕೈಯ ಸಾಲು ಬರುತ್ತಿದ್ದಂತೆ ಮಗುವಿನ ಕೈ ತಾನಾಗಿ ಎದೆಗೆ ಹೋಗುತ್ತದೆ.

ತುಂಬ ಅಂಜುವ ಮಕ್ಕಳಿಗೆ ಎರಡನೇ ಭಾಗ ತೆಗೆಯಿರಿ. ಅದರಲ್ಲಿ ಕ್ರೈಸ್ತನ ನಾಲ್ಕು ಗಂಡುಮಕ್ಕಳು ತಾಯಿಯ ಜೊತೆ ಅದೇ ದಾರಿಯಲ್ಲಿ ಬರುತ್ತಾರೆ. ಕಷ್ಟದ ಗುಡ್ಡದಲ್ಲಿ ಚಿಕ್ಕವನು ಅಳಲು ಶುರು ಮಾಡಿದಾಗ ದಾರಿ ತೋರಿಸುವ ಧೀರ ಅವನ ಕೈ ಹಿಡಿದು ಮೇಲೆ ಹತ್ತಿಸುತ್ತಾನೆ. ತನ್ನಂಥ ಮಗು ಕೂಡ ಈ ದಾರಿಯಲ್ಲಿದೆ ಅಂತ ಕಂಡರೆ ಮಕ್ಕಳಿಗೆ ಎಷ್ಟು ಸಮಾಧಾನ! ಅದೇ ಭಾಗದಲ್ಲಿ ಅಂಜುಬುರುಕ ಅನ್ನುವ ಒಬ್ಬ ಯಾತ್ರಿಕನ ಕಥೆಯಿದೆ. ಹುದುಲಿನ ದಡದಲ್ಲಿ ಒಂದು ತಿಂಗಳಿಗೂ ಹೆಚ್ಚು ಕೂತು ಅಳುತ್ತಿದ್ದವನು, ಬಾಗಿಲು ತಟ್ಟಲೂ ಧೈರ್ಯವಿಲ್ಲದವನು. ಕೊನೆಯ ನದಿಗೆ ಬಂದಾಗ ಆ ನದಿಯಲ್ಲಿ ಯಾವತ್ತೂ ಇಲ್ಲದಷ್ಟು ಕಡಿಮೆ ನೀರು. ಪಾದಕ್ಕಿಂತ ಸ್ವಲ್ಪ ಮೇಲೆ ಒದ್ದೆಯಾಯಿತು, ಅಷ್ಟರಲ್ಲಿ ದಾಟಿಬಿಟ್ಟ.

ನದಿ

ಕೊನೆಯ ದೃಶ್ಯಕ್ಕೆ ಅವಸರ ಮಾಡಬೇಡಿ. ಪರಲೋಕದ ಪಟ್ಟಣದ ಮುಂದೆ ಸೇತುವೆಯಿಲ್ಲದ ನದಿ. ಕ್ರೈಸ್ತ ಮುಳುಗುತ್ತಾನೆ. ಜೊತೆಗಾರ ನಿರೀಕ್ಷೆ ಅವನ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿದು, ನನಗೆ ನೆಲ ಸಿಕ್ಕುತ್ತಿದೆ, ಹೆದರಬೇಡ ಅನ್ನುತ್ತಾನೆ. ನದಿ ಅಂದ್ರೆ ಸಾವು ಅಂತ ನೀವು ಹೇಳಬೇಕಾಗಿಲ್ಲ. ಮಕ್ಕಳಿಗೆ ಹೇಗೋ ಗೊತ್ತಾಗುತ್ತದೆ. ಮನೆಯಲ್ಲಿ ಇತ್ತೀಚೆಗೆ ಸಾವು ಆಗಿದ್ದರೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಓದಲು ಕೂರಿ.

ನಮ್ಮ ಗುಂಪಿನಲ್ಲಿ ಒಬ್ಬ ಹುಡುಗಿಯ ತಾತ ಅದೇ ತಿಂಗಳು ತೀರಿಕೊಂಡಿದ್ದರು. ಓದು ಮುಗಿದ ಮೇಲೆ ಎಲ್ಲರೂ ಹೇಳಿದರು, ಅವಳು ಹೇಳಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ನನ್ನ ಹತ್ತಿರ ಬಂದು ನಿಂತಳು. “ಆಂಟಿ, ನಮ್ಮ ತಾತನಿಗೆ ನೀರು ಎಷ್ಟು ಆಳ ಇತ್ತು?”

ನನಗೆ ಮಾತು ಹೊರಡಲಿಲ್ಲ. ಎರಡನೇ ಭಾಗ ತೆಗೆದು ಅಂಜುಬುರುಕ ನದಿ ದಾಟುವ ಆ ನಾಲ್ಕು ಸಾಲು ಅವಳಿಗೆ ಓದಿದೆ. ಅವಳು ಸ್ವಲ್ಪ ಹೊತ್ತು ನಿಂತು, ಗೋಡೆಯ ಮೇಲಿದ್ದ ನಮ್ಮ ನಕ್ಷೆಯ ಹತ್ತಿರ ಹೋದಳು. ನೀಲಿ ಬಣ್ಣ ತೆಗೆದುಕೊಂಡು ನದಿಯೊಳಗೆ ಕೋಲು ಹಿಡಿದ ಒಬ್ಬ ಅಜ್ಜನನ್ನು ಬರೆದಳು. ನೀರು ಅವನ ಹಿಮ್ಮಡಿಗಷ್ಟೇ ಬಂದಿತ್ತು.